ಗೋಡೆ ಒಣಗುವ ಮುನ್ನ

ಆ ಯುದ್ಧ ಮಾನಕ್ಕಾಗಿ ನಡೆಯಿತು ಎಂದು ಆಮೇಲೆ ಹೇಳಿಕೊಂಡು ತಿರುಗಿದವರು ಬಹಳ ಜನ. ಮಣ್ಣಿಗಾಗಿ ಎಂದವರೂ ಇದ್ದಾರೆ. ಎಲ್ಲ ಬುರುಡೆ. ಆ ಯುದ್ಧ ನಡೆದದ್ದು ಒಂದು ಖಾಲಿ ಗೋಡೆಗಾಗಿ.

ಅರಮನೆಯ ಸಭಾಂಗಣಕ್ಕೆ ನಾಲ್ಕು ಗೋಡೆ. ಒಂದರ ಮೇಲೆ ದೊರೆಯ ಮುತ್ತಾತ ಯಾರನ್ನೋ ಈಟಿಯಿಂದ ತಿವಿಯುತ್ತಿದ್ದ. ಇನ್ನೊಂದರ ಮೇಲೆ ತಾತ ಕೋಟೆಗೆ ಏಣಿ ಹಾಕುತ್ತಿದ್ದ. ಮೂರನೆಯದರ ಮೇಲೆ ಅಪ್ಪ ಸೋತ ಅರಸನ ಕಿರೀಟವನ್ನು ಕಾಲಿನಿಂದ ಒದೆಯುತ್ತಿದ್ದ. ನಾಲ್ಕನೆಯದು ಸುಣ್ಣ ಬಳಿಸಿಕೊಂಡು ಬೋಳಾಗಿ ನಿಂತಿತ್ತು. ದೊರೆಗೆ ನಲವತ್ತೆರಡು ತುಂಬಿದರೂ ಕೈಗೆ ಒಂದು ಯುದ್ಧ ಸಿಕ್ಕಿರಲಿಲ್ಲ. ದಿನಾ ಊಟಕ್ಕೆ ಕೂರುವುದು ಅದೇ ಗೋಡೆಯ ಎದುರಿಗೆ. ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದು ಅಡುಗೆಯವರು ಹೇಳುತ್ತಿದ್ದರು, ಆದರೆ ಹೊಟ್ಟೆಯ ಸುತ್ತಳತೆ ನೋಡಿದರೆ ನಂಬುವ ಮಾತಲ್ಲ.

ಅಷ್ಟರಲ್ಲಿ ಸಾಮ್ರಾಜ್ಯದಿಂದ ಓಲೆ ಬಂತು. ಸಾಮ್ರಾಜ್ಯವೆಂದರೆ ಒಂಬತ್ತು ವರ್ಷದಲ್ಲಿ ಹನ್ನೊಂದು ರಾಜ್ಯಗಳನ್ನು ಅಗಿಯದೆ ನುಂಗಿದ್ದು. ಇವರದೋ, ಬೆಳಗ್ಗೆ ಕುದುರೆ ಹತ್ತಿದವನು ಮಧ್ಯಾಹ್ನದ ಹೊತ್ತಿಗೆ ಗಡಿ ದಾಟಿರುತ್ತಿದ್ದ, ಅಷ್ಟು ದೊಡ್ಡ ರಾಜ್ಯ. ಓಲೆಯ ಭಾಷೆ ಸಭ್ಯವಾಗಿಯೇ ಇತ್ತು. ನಮ್ಮ ಕೆಳಗೆ ಬನ್ನಿ, ನಿಮ್ಮ ಸಿಂಹಾಸನ ನಿಮಗೇ ಇರಲಿ, ನಮ್ಮ ಬಾವುಟ ಮೇಲಿರಲಿ, ಇಷ್ಟೇ. ಆದರೆ ದೊರೆಗಿದ್ದ ಏಳು ಬಿರುದುಗಳಲ್ಲಿ ಒಂದನ್ನು ಓಲೆ ಬರೆದವನು ಸೇರಿಸಲು ಮರೆತಿದ್ದ. ಮಂತ್ರಿ ಕೈತಪ್ಪು ಎಂದ. ದೊರೆ ಅವಮಾನ ಎಂದ. ಹಾಗೆನ್ನುವಾಗ ಅವನ ಕಣ್ಣು ಓಲೆಯ ಮೇಲಿರಲಿಲ್ಲ, ನಾಲ್ಕನೆಯ ಗೋಡೆಯ ಮೇಲಿತ್ತು. ಯುದ್ಧ ಇನ್ನು ನಲವತ್ತು ದಿನಕ್ಕೆ ಎಂದು ನಿಗದಿಯಾಯಿತು. ಮಾರನೆಯ ದಿನವೇ ಚಿತ್ರಗಾರನಿಗೆ ಕರೆ ಹೋಯಿತು.

"ಗೆದ್ದ ಮೇಲೆ ಬರೆಸಿದರೆ ಔತಣಕ್ಕೆ ಬಂದೋರು ಏನು ನೋಡಬೇಕು? ಹಸಿ ಗಾರೆನಾ?" ಎಂದ ದೊರೆ. "ಈಗಲೇ ಶುರು ಮಾಡು."

ಚಿತ್ರಗಾರ ತಲೆ ಬಾಗಿಸಿ "ಅಪ್ಪಣೆ ಪ್ರಭು" ಎಂದ. ಬಾಗಿದ ತಲೆಯೊಳಗೆ ನಗುತ್ತಿದ್ದ. ಅವನಿಗೆ ದೊರೆಯ ಮೇಲೆ ಮೂರು ಕಾಸಿನ ಗೌರವವಿರಲಿಲ್ಲ. ಮೂರನೆಯ ಗೋಡೆಯನ್ನು ಬರೆದವನು ಅವನೇ, ಇಪ್ಪತ್ತೈದರ ವಯಸ್ಸಿನಲ್ಲಿ. ಕಿರೀಟ ಒದೆಯುವ ಆ ಮಹಾಯುದ್ಧ ನಿಜದಲ್ಲಿ ಒಂದು ಕೆರೆಯ ನೀರಿನ ಜಗಳವಾಗಿತ್ತು, ಎದುರಾಳಿಯ ತಲೆಯ ಮೇಲೆ ಇದ್ದದ್ದು ಕಿರೀಟವಲ್ಲ, ಒದ್ದೆ ವಸ್ತ್ರ. ಕಿರೀಟ ಇಟ್ಟವನು ಚಿತ್ರಗಾರ. ಮೂವತ್ತು ವರ್ಷದಿಂದ ಇಡೀ ಆಸ್ಥಾನ ಆ ಕಿರೀಟವನ್ನು ನಂಬಿಕೊಂಡು ಬಂದಿತ್ತು. ಇಂಥವರನ್ನು ಹೇಗೆ ಗೌರವಿಸುವುದು? ಮಂತ್ರಿಯನ್ನು ಅವನು ಹುಳಿ ಮುಖ ಎನ್ನುತ್ತಿದ್ದ, ಕವಿಗಳನ್ನು ಹೊಟ್ಟೆಪಾಡಿನವರು ಎನ್ನುತ್ತಿದ್ದ, ಸೈನ್ಯವನ್ನು ಮೆರವಣಿಗೆ ಎನ್ನುತ್ತಿದ್ದ. ಲೋಕದಲ್ಲಿ ಅವನು ತಲೆಬಾಗುತ್ತಿದ್ದದ್ದು ಒಂದೇ ವಸ್ತುವಿಗೆ, ತನ್ನ ಕೈಗೆ.

ಆ ಕೈಗೆ ಒಂದು ಹೆಮ್ಮೆ ಇತ್ತು. ಅವನ ಕೆಲಸ ಹಸಿ ಗಾರೆಯ ಮೇಲೆ. ಗಾರೆಯವನು ಬೆಳಗ್ಗೆ ಒಂದು ದಿನಕ್ಕಾಗುವಷ್ಟು ಗೋಡೆಗೆ ಸುಣ್ಣದ ಗಾರೆ ಮೆತ್ತಿ, ಕರಣೆಯಿಂದ ನುಣ್ಣಗೆ ತಿಕ್ಕಿ ಕೊಡುತ್ತಾನೆ. ಅದು ಒಣಗುವುದರೊಳಗೆ ಬಣ್ಣ ಬಿದ್ದುಬಿಡಬೇಕು. ಗಾರೆ ಬಣ್ಣವನ್ನು ಕುಡಿದು ಕಲ್ಲಾಗುತ್ತದೆ, ಮತ್ತೆ ನೂರು ವರ್ಷ ಅಲ್ಲಾಡುವುದಿಲ್ಲ. ತಪ್ಪಾದರೆ ಮೇಲೆ ಬಳಿದು ಮುಚ್ಚುವ ಹಾಗಿಲ್ಲ, ಒಣಗಿದ ಗೋಡೆಗೆ ಬಣ್ಣ ಹಿಡಿಯುವುದಿಲ್ಲ, ಹಪ್ಪಳದಂತೆ ಏಳುತ್ತದೆ. ಉಳಿ ತೆಗೆದುಕೊಂಡು ಆ ಭಾಗವನ್ನು ಕೆತ್ತಿ ಕೆಡವಿ, ಹೊಸ ಗಾರೆ ಮೆತ್ತಿ ಮೊದಲಿನಿಂದ ಬರೆಯಬೇಕು. ಬೇರೆ ಚಿತ್ರಗಾರರು ತಿಂಗಳಿಗೊಮ್ಮೆಯಾದರೂ ಉಳಿ ಹಿಡಿಯುತ್ತಿದ್ದರು. ಇವನು ಮೂವತ್ತು ವರ್ಷದಲ್ಲಿ ತನ್ನ ಕೆಲಸಕ್ಕೆ ಒಮ್ಮೆಯೂ ಉಳಿ ತಾಗಿಸಿದವನಲ್ಲ. ಇದನ್ನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಯುದ್ಧಭೂಮಿ ನೋಡಲು ಒಂದು ಗಾಡಿ ಕೊಟ್ಟರು. ಶತ್ರು ಬರುವುದಾದರೆ ನದಿ ತಿರುಗುವ ಕಡೆ, ನೀರು ಕಡಿಮೆಯಿರುವ ಕಡವಿನಲ್ಲೇ ದಾಟಬೇಕು. ನದಿಯ ಈಚೆ ಒಂದು ಒಣ ದಿಬ್ಬ, ದಿಬ್ಬದ ಬುಡದಿಂದ ನದಿಯವರೆಗೆ ಹಸಿರು. ಸುಡು ಬೇಸಿಗೆ. ಚಿತ್ರಗಾರ ದಿಬ್ಬದ ಮೇಲೆ ಗಾಡಿಯಿಂದ ಇಳಿಯದೆ, ಕೊಡೆಯ ನೆರಳಿನಲ್ಲೇ ಕೂತು ನೋಡಿದ. ಸುತ್ತ ಎಲ್ಲ ಬೂದಿ ಬಣ್ಣ, ಅದೊಂದು ತುಂಡು ಮಾತ್ರ ಎಳೆಯ ಹಸಿರು. ಅದರ ಮೇಲೆ ಬಿಳಿ ಕುದುರೆಗಳು, ಕೆಂಪು ಬಾವುಟಗಳು! ಅವನ ಎದೆ ಸಂತೋಷದಿಂದ ತುಂಬಿಬಂತು. ನೋಡಿದ್ದು ಅಷ್ಟೇ, ಹೊರಟುಬಂದ.

ಹತ್ತನೆಯ ದಿನದಿಂದ ದಳಪತಿಯ ಕಾಟ ಶುರುವಾಯಿತು. ದಳಪತಿ ಬೇರೆ ಯಾರೂ ಅಲ್ಲ, ಚಿತ್ರಗಾರನ ಹೆಂಡತಿಯ ಅಣ್ಣ. ದೊರೆಯ ಚಿಕ್ಕಮ್ಮನ ಮಗಳನ್ನು ಮದುವೆಯಾದ ದಿನ ಅವನ ಶೌರ್ಯ ಬೆಳಕಿಗೆ ಬಂದಿತ್ತು. ಮೀಸೆ ನೋಡಿ ಸೈನಿಕರು ಅವನನ್ನು ಕಂಬಳಿಹುಳ ಎಂದು ಕರೆಯುತ್ತಿದ್ದರು. ದಿನಾ ಸಭಾಂಗಣಕ್ಕೆ ಬಂದು, ಚಿತ್ರಗಾರ ಹತ್ತಿ ಬರೆಯುತ್ತಿದ್ದ ಅಟ್ಟಣಿಗೆಯ ಕೆಳಗೆ ನಿಂತು ಕತ್ತು ಎತ್ತುವುದು, ತನ್ನ ಚಿತ್ರ ಎಷ್ಟು ದೊಡ್ಡದಾಯಿತು ಎಂದು ನೋಡುವುದು.

"ಭಾವ, ನನ್ನ ಕುದುರೆ ಬೆಳ್ಳಗಿರಲಿ."

"ನಿಂದು ಕಂದು ಕುದುರೆ ಅಲ್ವಾ?"

"ಬಿಳೀದು ತರಿಸಿದ್ರಾಯ್ತು ಬಿಡಿ."

ನಿಜವಾಗಿಯೂ ತರಿಸಿದ. ಚಿತ್ರಗಾರ ಮನೆಗೆ ಹೋಗಿ ಹೆಂಡತಿಯೆದುರು ಅಣ್ಣನ ಗತ್ತನ್ನು ಅಭಿನಯಿಸಿ ತೋರಿಸಿದ. "ನಿಮ್ಮಣ್ಣ ಗೋಡೆ ನೋಡಿ ಕುದುರೆ ತರಿಸಿದ ಕಣೇ! ನಾಳೆ ನಾನು ಬಾಲ ಬರೆದರೆ ಅದನ್ನೂ ಅಂಟಿಸ್ಕೊಂಡು ಬರ್ತಾನೆ!" ಅವಳೂ ನಕ್ಕಳು. ಅಂದು ಆ ಮನೆಯಲ್ಲಿ ಯಾರೂ ಅದರಾಚೆಗೆ ಯೋಚಿಸಲಿಲ್ಲ.

ಅವರಿಗೆ ಒಬ್ಬನೇ ಮಗ. ಕುದುರೆ ದಳದ ಇನ್ನೂರು ಸವಾರರಲ್ಲಿ ಅವನೂ ಒಬ್ಬ. ಮಗನ ಬಗ್ಗೆಯೂ ಅಪ್ಪನಿಗೆ ತಾತ್ಸಾರವೇ. ಕುಂಚ ಹಿಡಿಯಬೇಕಾದ ಕೈ ಲಗಾಮು ಹಿಡಿಯಿತಲ್ಲ ಎಂದು ಎಂಟು ವರ್ಷದಿಂದ ಮೂಗು ಮುರಿಯುತ್ತಲೇ ಇದ್ದ. ಆದರೂ ಗೋಡೆಯ ಮೊದಲ ಸಾಲಿನಲ್ಲಿ, ದಳಪತಿಯ ಎಡಕ್ಕೆ ಮೂರನೆಯವನಾಗಿ ಅವನನ್ನೇ ಬರೆದಿದ್ದ. ದವಡೆಯ ಮೇಲಿನ ಮಚ್ಚೆ ಸಮೇತ. ಇದನ್ನು ಯಾರಿಗೂ ಹೇಳಿರಲಿಲ್ಲ.

ಇಪ್ಪತ್ತೆಂಟನೆಯ ದಿನ ಮಗ ಗೋಡೆ ನೋಡಲು ಬಂದ. ಹಸಿರು ಮುಗಿದು ಎರಡು ದಿನವಾಗಿತ್ತು. ಮೊದಲು ತನ್ನ ಮುಖ ಕಂಡು ನಾಚಿಕೊಂಡು ನಕ್ಕ. ಆಮೇಲೆ ಕುದುರೆಗಳ ಕಾಲಿನ ಕಡೆ ನೋಡಿದ, ನಗು ನಿಂತಿತು.

"ಅಪ್ಪ, ಇದು ನದಿ ತಿರುವಲ್ವಾ?"

"ಮತ್ತಿನ್ನೇನು?"

"ಇಲ್ಲಿ ಕುದುರೆ ಓಡಿಸಿದ್ದೀಯಲ್ಲ! ಅದು ಹುಲ್ಲುಗಾವಲಲ್ಲಪ್ಪ. ಮೇಲಷ್ಟೇ ಹುಲ್ಲು, ಕೆಳಗೆಲ್ಲ ಕೆಸರು. ಸುತ್ತ ಎಲ್ಲ ಒಣಗಿ ಹೋಗಿರೋವಾಗ ಅದೊಂದೇ ಯಾಕೆ ಹಸಿರಾಗಿದೆ ಅಂತ ನೀನು ಯೋಚನೆ ಮಾಡಬೇಡ್ವಾ? ಹೋದ ವರ್ಷ ನಮ್ಮದೊಂದು ಕುದುರೆ ಇಳಿದುಬಿಟ್ಟಿತ್ತು. ಹಗ್ಗ ಹಾಕಿ ಎಳೆಯೋಕೆ ಎಂಟು ಜನ, ಅರ್ಧ ದಿನ. ಕುದುರೆಗೆ ಹೊಟ್ಟೆವರೆಗೆ ಬರುತ್ತೆ. ಸವಾರ ಇಳಿದ್ರೆ ಎದೆವರೆಗೆ."

ಚಿತ್ರಗಾರ ಕುಂಚ ತೊಳೆಯುತ್ತಿದ್ದವನು ತೊಳೆಯುತ್ತಲೇ ಇದ್ದ. ಪಕ್ಕದಲ್ಲಿ ಗಾರೆಯವನು ಕರಣೆ ಒರೆಸಿಕೊಳ್ಳುವ ನೆಪದಲ್ಲಿ ಕಿವಿ ಇತ್ತ ಕೊಟ್ಟಿದ್ದ. ಅದು ಚಿತ್ರಗಾರನಿಗೆ ಗೊತ್ತಿತ್ತು.

"ಚಿತ್ರದಲ್ಲಿ ಕುದುರೆ ಹೂತುಹೋಗಲ್ಲ," ಎಂದ.

"ತಿದ್ದಬಹುದಲ್ವಾ? ಕುದುರೆಗಳನ್ನ ದಿಬ್ಬದ ಮೇಲೆ ಹಾಕು."

"ಗೋಡೆ ಒಣಗಿದೆ."

"ಕೆತ್ತಿದ್ರೆ?"

"ನಿನ್ನ ಲಾಯಕ್ಕೆ ಹೋಗಿ ಲದ್ದಿ ಬಾಚು, ಹೋಗು! ಕುದುರೆ ಕಾಯೋನು ಬಂದು ನನಗೆ ಉಳಿ ಹಿಡಿ ಅಂತಾನೆ!" ಅಪ್ಪನ ದನಿ ಸಭಾಂಗಣದಲ್ಲೆಲ್ಲ ಮೊಳಗಿತು. ಗಾರೆಯವನು ತಲೆ ತಗ್ಗಿಸಿದ. ಮಗ ಹೊರಟುಹೋದ.

ಮೂವತ್ತನಾಲ್ಕನೆಯ ದಿನ ದೊರೆ ಪರಿವಾರದೊಂದಿಗೆ ಗೋಡೆ ನೋಡಲು ಬಂದ. ಚಿತ್ರದಲ್ಲಿ ಅವನು ದಿಬ್ಬದ ಮೇಲೆ ಬಿಳಿ ಕೊಡೆಯಡಿ ಕೂತಿದ್ದ, ಹೊಟ್ಟೆ ಅರ್ಧ ಕರಗಿತ್ತು. ಕೆಳಗೆ ಇನ್ನೂರು ಕುದುರೆಗಳು ಹಸಿರಿನ ಮೇಲೆ ನುಗ್ಗುತ್ತಿದ್ದವು, ಸಾಮ್ರಾಜ್ಯದವರು ನದಿಯಂಚಿನಲ್ಲಿ ಬಿಲ್ಲು ಹಿಡಿದು ಬೆದರಿ ನಿಂತಿದ್ದರು. ದೊರೆಯ ಕಣ್ಣಲ್ಲಿ ನೀರು ಬಂತು. ಸ್ವಂತ ಗೆಲುವನ್ನು ಕಂಡು ಗೆಲ್ಲುವ ಮೊದಲೇ ಅತ್ತ ಅರಸ ಚರಿತ್ರೆಯಲ್ಲಿ ಬೇರೊಬ್ಬನಿರಲಾರ.

"ಜಾಗ ನೋಡಿ ಬರೆದದ್ದಾ, ಸುಮ್ಮನೆ ಬರೆದದ್ದಾ?" ಎಂದು ಕೇಳಿದ.

"ಕಣ್ಣಾರೆ ನೋಡಿ ಬರೆದದ್ದು ಪ್ರಭು."

ದೊರೆ ದಳಪತಿಯತ್ತ ತಿರುಗಿದ. "ಹಾಗಾದರೆ ಯುದ್ಧ ಹೀಗೇ ಆಗಬೇಕು. ಒಂದು ಕುದುರೆ ಆಚೀಚೆ ಆಗಬಾರದು. ನಾಳೆ ಜನ ನನ್ನ ಗೋಡೆ ಸುಳ್ಳು ಹೇಳುತ್ತೆ ಅನ್ನಬಾರದು ನೋಡು."

ದಳಪತಿಗೆ ಜೀವ ಬಂದಂತಾಯಿತು. ಯುದ್ಧವೊಂದನ್ನು ಹೇಗೆ ಹೂಡುವುದೆಂದು ಮೂವತ್ತನಾಲ್ಕು ದಿನದಿಂದ ಅವನಿಗೆ ಹೊಳೆದಿರಲಿಲ್ಲ, ಈಗ ಗೋಡೆಯ ಮೇಲೆ ಸಿದ್ಧವಾಗಿ ಸಿಕ್ಕಿತ್ತು. ಒಬ್ಬ ಕರಣಿಕನನ್ನು ಕೂರಿಸಿಕೊಂಡು ಎಷ್ಟನೆಯ ಸಾಲಿನಲ್ಲಿ ಎಷ್ಟು ಕುದುರೆ ಎಂದು ಎಣಿಸಿ ಬರೆಸತೊಡಗಿದ.

ಮಾತು ಚಿತ್ರಗಾರನ ನಾಲಿಗೆಯ ತುದಿಯಲ್ಲಿತ್ತು. ಪ್ರಭು, ಆ ಹಸಿರು ತಪ್ಪು. ಇಷ್ಟೇ ಮಾತು. ಆದರೆ ಹುಳಿ ಮುಖದ ಮಂತ್ರಿ ಅಲ್ಲೇ ಇದ್ದ, ಹೊಟ್ಟೆಪಾಡಿನ ಕವಿಗಳಿದ್ದರು, ಗಾರೆಯವನಿದ್ದ. ಇವರ ಮುಂದೆ! ಚಿತ್ರಗಾರ ಬಾಯಿ ಮುಚ್ಚಿಕೊಂಡ. ಎಷ್ಟೇ ದಡ್ಡರಾದರೂ ಕುದುರೆ ಇಳಿಸುವ ಮುಂಚೆ ನೆಲ ಮೆಟ್ಟಿ ನೋಡದೆ ಇರುತ್ತಾರೆಯೇ ಎಂದುಕೊಂಡ. ತಾನು ಮೂವತ್ತು ವರ್ಷದಿಂದ ಜರೆಯುತ್ತ ಬಂದವರ ಬುದ್ಧಿಯ ಮೇಲೆ ಅವನು ಭರವಸೆ ಇಟ್ಟದ್ದು ಅದೊಂದೇ ಸಲ.

ಆ ಸಂಜೆ ಮಗ ಮನೆಗೆ ಬಂದು ಜಗಲಿಯಲ್ಲೇ ನಿಂತ.

"ಅಪ್ಪ, ಮಾವನ ಹತ್ರ ಹೋಗಿದ್ದೆ. ಅಲ್ಲಿ ಕೆಸರಿದೆ ಮಾವ ಅಂದೆ. ನಿಮ್ಮಪ್ಪ ದೊರೆ ಮುಂದೆ ಕಣ್ಣಾರೆ ನೋಡಿದ್ದೀನಿ ಅಂದಿದ್ದಾನೆ, ಹೆತ್ತಪ್ಪನ್ನೇ ಸುಳ್ಳುಗಾರ ಅಂತೀಯಾ ಅಂದ್ರು. ನಾನು ಹೇಳಿದ್ರೆ ನಡೆಯಲ್ಲ. ನೀನೇ ಹೇಳಬೇಕು. ತಪ್ಪಾಗಿ ಬರೆದೆ ಅಂತ ಒಂದು ಮಾತು ಹೇಳು ಸಾಕು. ಇನ್ನೂರು ಜನ ಇದ್ದೀವಪ್ಪ."

ಹೆಂಡತಿ ಒಳಗಿನಿಂದ ಬಂದು ಗಂಡನ ಮುಖ ನೋಡಿದಳು. "ಹೇಳಿ ಅಂದ್ರೆ. ಇರೋನು ಒಬ್ಬ ಮಗ. ಅಣ್ಣ ಏನು ಹುಲಿನಾ ಕರಡಿನಾ?"

"ಹೇಳ್ತೀನಿ. ಬೆಳಗ್ಗೆನೇ ಹೇಳ್ತೀನಿ," ಎಂದ ಚಿತ್ರಗಾರ.

ಬೆಳಗ್ಗೆ ಹೋದದ್ದು ನಿಜ. ದಳಪತಿ ಕನ್ನಡಿಯ ಮುಂದೆ ಕೂತು ಮೀಸೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ. ಎಣ್ಣೆ ಹಚ್ಚುವವನು ಇದ್ದ, ಬಾಗಿಲಲ್ಲಿ ಇಬ್ಬರು ಕಾವಲಿನವರಿದ್ದರು. ದಾರಿಯುದ್ದಕ್ಕೂ "ನಾನು ತಪ್ಪು ಬರೆದೆ" ಎಂಬ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ ಚಿತ್ರಗಾರ ಅಲ್ಲಿ ಹೇಳಿದ್ದು ಬೇರೆ.

"ಭಾವ, ಚಿತ್ರವೇನೋ ಸರಿಯಾಗೇ ಇದೆ. ಆದ್ರೆ ಆ ನದಿ ಹತ್ರ ನೆಲ ಸ್ವಲ್ಪ ಮೆತ್ತಗಿದೆ ಅಂತಾರಪ್ಪ. ಯಾವುದಕ್ಕೂ ಒಂದ್ಸಲ ನೋಡ್ಕೊಂಡ್ರೆ ವಾಸಿ."

"ಮೆತ್ತಗಿದ್ರೆ ಒಳ್ಳೇದೇ ಆಯ್ತಲ್ಲ ಭಾವ. ಬಿದ್ರೂ ಪೆಟ್ಟಾಗಲ್ಲ!" ದಳಪತಿ ತನ್ನ ಹಾಸ್ಯಕ್ಕೆ ತಾನೇ ನಕ್ಕ, ಎಣ್ಣೆ ಹಚ್ಚುವವನೂ ನಕ್ಕ. ಚಿತ್ರಗಾರನೂ ನಕ್ಕು ಎದ್ದುಬಂದ. ಮನೆಯಲ್ಲಿ "ಹೇಳಿದೆ, ಅವನು ಕೇಳಲಿಲ್ಲ" ಎಂದ. ಸುಳ್ಳೆಂದು ಯಾರೂ ಬೆರಳು ತೋರಿಸಲಾಗದಂಥ ಮಾತು.

ಯುದ್ಧದ ದಿನ ಸಾಮ್ರಾಟ ಬರಲಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಅವನು ಬರುತ್ತಲೂ ಇರಲಿಲ್ಲ. ಬಂದವನು ಮೂರನೆಯ ದರ್ಜೆಯ ಅಧಿಕಾರಿ, ನೆಗಡಿಯಾಗಿ ಮೂಗು ಕೆಂಪಾಗಿದ್ದವನು. ಅವನ ಪಡೆ ಕಡವು ದಾಟಿ, ಹಸಿರಿನ ಆಚೆಯಂಚಿಗೆ, ನದಿದಂಡೆಯ ಗಟ್ಟಿ ನೆಲದಲ್ಲಿ ಬಿಲ್ಲು ಹಿಡಿದು ಸುಮ್ಮನೆ ನಿಂತಿತು. ಈಚೆ ದಿಬ್ಬದ ಮೇಲೆ ಬಿಳಿ ಕೊಡೆ ಬಿಚ್ಚಿಕೊಂಡಿತು. ಕರಣಿಕ ಪಟ್ಟಿ ನೋಡಿ ಸಾಲು ಸರಿಮಾಡಿದ. ನಗಾರಿ ಹೊಡೆದರು. ಇನ್ನೂರು ಕುದುರೆಗಳು ಗೋಡೆಯ ಮೇಲಿದ್ದಂತೆಯೇ, ಒಂದೂ ಆಚೀಚೆ ಆಗದೆ, ಹಸಿರಿನೊಳಗೆ ನುಗ್ಗಿದವು.

ಮೊದಲ ಸಾಲು ಇಪ್ಪತ್ತು ಮಾರು ಹೋಗುವುದರೊಳಗೆ ಹೂತಿತು. ಇಳಿಜಾರಿನ ಓಟದಲ್ಲಿದ್ದ ಹಿಂದಿನ ಸಾಲುಗಳಿಗೆ ನಿಲ್ಲಲಾಗಲಿಲ್ಲ, ಮುಂದಿನವರ ಮೇಲೆಯೇ ಹೋಗಿ ಬಿದ್ದವು. ಆಚೆಯವರು ಅವಸರವಿಲ್ಲದೆ ಗುರಿ ನೋಡಿ ನೋಡಿ ಬಾಣ ಬಿಟ್ಟರು. ಬಿಸಿಲೇರುವ ಮೊದಲೇ ಎಲ್ಲ ಮುಗಿದಿತ್ತು. ಇದಕ್ಕೆ ಯುದ್ಧವೆಂಬ ಹೆಸರು ಯಾಕೆ ಕೊಟ್ಟರೋ ತಿಳಿಯದು.

ದಳಪತಿಯನ್ನು ಶತ್ರುಗಳೇ ಹಗ್ಗ ಹಾಕಿ ಎಳೆದರು. ಮೀಸೆ ಮೂತಿ ಎಲ್ಲ ಒಂದೇ ಬಣ್ಣವಾಗಿತ್ತು. ಬದುಕಿಕೊಂಡ, ಇಂಥವರಿಗೆ ಸಾವು ಕೂಡ ಅಷ್ಟು ಸುಲಭಕ್ಕೆ ಬರುವುದಿಲ್ಲ. ತಿಂಗಳೊಳಗೆ ಸಾಮ್ರಾಜ್ಯದ ಲಾಯಗಳ ಮೇಲ್ವಿಚಾರಕನೂ ಆದ. ದೊರೆ ಮಧ್ಯಾಹ್ನವೇ ಶರಣಾಗಿ ಸಂಜೆ ಊಟ ಮಾಡಿದ. ಬಿಟ್ಟುಹೋಗಿದ್ದ ಏಳನೆಯ ಬಿರುದನ್ನು ಸಾಮ್ರಾಜ್ಯದವರು ಮರಳಿ ಕೊಟ್ಟರು, ಕೈತಪ್ಪಿಗೆ ಕ್ಷಮೆಯನ್ನೂ ಕೇಳಿದರು. ಅದೇ ನಮ್ಮ ಗೆಲುವು ಎಂದು ಕವಿಗಳು ಬರೆದರು.

ಇನ್ನೂರರಲ್ಲಿ ಐವತ್ತಮೂರು ಜನ ಹಿಂದಿರುಗಿದರು. ಚಿತ್ರಗಾರ ಬೀದಿಯ ತುದಿಯಲ್ಲಿ ಹೆಂಡತಿಯ ಜೊತೆ ನಿಂತು ಒಬ್ಬೊಬ್ಬರ ದವಡೆಯನ್ನೇ ನೋಡುತ್ತಿದ್ದ. ಮುಖಕ್ಕೆಲ್ಲ ಕೆಸರು ಮೆತ್ತಿದ್ದರಿಂದ ಮಚ್ಚೆ ಯಾರಿಗಿದೆ ಯಾರಿಗಿಲ್ಲ ಗೊತ್ತಾಗುತ್ತಿರಲಿಲ್ಲ. ಕೊನೆಗೆ ನಡಿಗೆಯಿಂದ ಮಗನನ್ನು ಗುರುತು ಹಿಡಿದವಳು ಹೆಂಡತಿ. ಕುದುರೆಯಿಲ್ಲ, ಒಂದು ಕಾಲಿಗೆ ಮೆಟ್ಟು ಇಲ್ಲ, ಎದೆಯವರೆಗೆ ಕೆಸರು ಒಣಗಿ ಬಿರಿದಿತ್ತು. ತಾಯಿ ಓಡಿಹೋಗಿ ಅಪ್ಪಿಕೊಂಡಳು. ಚಿತ್ರಗಾರ ಎರಡು ಹೆಜ್ಜೆ ಮುಂದೆ ಹೋದ. ಮಗ ಅವನನ್ನು ದಾಟಿಕೊಂಡು, ಬೀದಿಯ ಕಂಬವನ್ನು ದಾಟುವಂತೆ ದಾಟಿಕೊಂಡು, ಮನೆಯೊಳಗೆ ಹೋದ.

ಎಂಟು ದಿನ ಅವರಿಬ್ಬರ ನಡುವೆ ಮಾತಿಲ್ಲ. ಚಿತ್ರಗಾರನಿಗೆ ಅನ್ನ ಸೇರುತ್ತಿರಲಿಲ್ಲ. ಬೈದರೆ ಆದೀತು, ಹೊಡೆದರೂ ಆದೀತು ಎನಿಸುತ್ತಿತ್ತು. ಊರನ್ನೆಲ್ಲ ತಾನು ನೋಡುತ್ತಿದ್ದ ನೋಟವನ್ನು ಈಗ ಮನೆಯಲ್ಲೇ ಕಾಣುತ್ತಿದ್ದ, ಮಗನ ಕಣ್ಣಲ್ಲಿ. ಅದು ಇಷ್ಟು ಸುಡುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಒಂಬತ್ತನೆಯ ದಿನ ಬೆಳಗ್ಗೆ ಅರಮನೆಯಿಂದ ಕರೆ ಬಂತು. ನೆಗಡಿಯ ಅಧಿಕಾರಿ ನಾಲ್ಕನೆಯ ಗೋಡೆಯ ಮುಂದೆ ಕೈಕಟ್ಟಿ ನಿಂತಿದ್ದ.

"ನೀವೇನಾ ಬರೆದದ್ದು? ತುಂಬಾ ಚೆನ್ನಾಗಿದೆ. ನಮ್ಮ ಬೇಹಿನವರು ಒಂದು ತಿಂಗಳು ಆ ಕೆಸರನ್ನ ಅಳೆದಿದ್ರು. ನಿಮ್ಮೋರನ್ನ ಅದರೊಳಗೆ ಇಳಿಸೋದು ಹೇಗೆ ಅಂತ ಮಾತ್ರ ನಮಗ್ಯಾರಿಗೂ ತಲೆ ಓಡಿರಲಿಲ್ಲ." ಅವನು ಮೂಗು ಒರೆಸಿಕೊಂಡ. "ಗೋಡೆ ಹೀಗೇ ಇರಲಿ. ಆ ಹಸಿರೊಂದನ್ನ ತೆಗೆದು, ಅಲ್ಲಿ ಏನಿತ್ತೋ ಅದನ್ನೇ ಬರೆದುಬಿಡಿ. ಸಾಮ್ರಾಟರಿಗೆ ಸುಳ್ಳು ಚಿತ್ರ ಹಿಡಿಸೋದಿಲ್ಲ. ತುಂಬಾ ದಿನ ಬೇಕಾಗುತ್ತಾ?"

ಚಿತ್ರಗಾರ ಗೋಡೆ ನೋಡಿದ. ಕುದುರೆಗಳ ಕಾಲು, ಅದರ ಕೆಳಗಿನ ಹಸಿರು. ಅಗಲ ಎರಡು ಆಳು, ಎತ್ತರ ಮೊಣಕಾಲಿಗಿಂತ ಸ್ವಲ್ಪ ಹೆಚ್ಚು.

"ಒಂದು ದಿನ ಸಾಕು," ಎಂದ. ಹೇಳಿದ ಮೇಲೆ ಆ ಮಾತು ಅವನಿಗೇ ಕೇಳಿಸಿತು.

ಗಾರೆಯವನು ಉಳಿ ಸುತ್ತಿಗೆ ತಂದು ಕೊಟ್ಟ. ಮೂವತ್ತು ವರ್ಷ ತಾಗಿಸದಿದ್ದ ಉಳಿ ಒಂದೇ ಪೆಟ್ಟಿಗೆ ಗಾರೆಯೊಳಗೆ ಇಳಿಯಿತು, ಗೋಡೆಗೆ ಅವನ ಹೆಮ್ಮೆಯ ಪರಿವೆಯೇ ಇರಲಿಲ್ಲ. ಹಸಿರು ಚಕ್ಕೆ ಚಕ್ಕೆಯಾಗಿ ನೆಲಕ್ಕೆ ಬಿತ್ತು. ಹೊತ್ತು ನೆತ್ತಿಗೆ ಬರುವ ಮೊದಲೇ ಕೆತ್ತಿ ಮುಗಿದು, ಗಾರೆಯವನು ಹೊಸದು ಮೆತ್ತಿ ತಿಕ್ಕಿ ಪಕ್ಕಕ್ಕೆ ಸರಿದಿದ್ದ.

ಚಿತ್ರಗಾರ ಕಪ್ಪು ಕಂದು ಕಲೆಸಿಕೊಂಡು ಕುಂಚ ಎತ್ತಿದ, ನಿಂತ. ಕೆಸರನ್ನು ಎಲ್ಲಿಯವರೆಗೆ ತರಬೇಕು? ಮೊಣಕಾಲಿಗಾ, ಎದೆಗಾ? ಮಗ ಅಂದು ಏನೋ ಹೇಳಿದ್ದ. ಅವನಿಗೆ ನೆನಪಿದ್ದದ್ದು ತಾನು ಕೂಗಿದ್ದು ಮಾತ್ರ, ಮಗನ ಮಾತು ತಲೆಯೊಳಗೆ ಹೋಗಿರಲೇ ಇಲ್ಲ. ಕುಂಚ ಇಟ್ಟು, ಅಷ್ಟು ವಯಸ್ಸಾದವನು ಉರಿಬಿಸಿಲಲ್ಲಿ ಬೀದಿಯುದ್ದ ಓಡುತ್ತ ಮನೆಗೆ ಬಂದ.

ಮಗ ಹಿತ್ತಿಲಲ್ಲಿ ಕಟ್ಟೆಯ ಮೇಲೆ ಕೂತು ಸವಾರರ ಜೀನುಗಳನ್ನು ತೊಳೆಯುತ್ತಿದ್ದ. ಕೆಸರು ಹಿಡಿದು ಗಟ್ಟಿಯಾದ ಜೀನುಗಳು, ವಾರಸುದಾರರಿಲ್ಲದವು, ಗೋಡೆಗೆ ಸಾಲಾಗಿ ಒರಗಿಸಿದ್ದವು.

"ಮಗೂ," ಎಂದ ಚಿತ್ರಗಾರ, ಏದುಸಿರಿನಲ್ಲಿ. "ಅಲ್ಲಿ... ಆ ಕೆಸರು. ಎಷ್ಟು ಆಳ ಇತ್ತು?"

ಮಗ ಜೀನಿನಿಂದ ಕಣ್ಣೆತ್ತಲಿಲ್ಲ. ಯಾಕೆ ಎಂದು ಕೇಳಲೂ ಇಲ್ಲ. ಅಪ್ಪನ ಕೈಗೆ ಮೆತ್ತಿದ್ದ ಹಸಿರು ಗಾರೆಯ ಪುಡಿಯನ್ನೂ ಹಸಿ ಕಂದು ಬಣ್ಣವನ್ನೂ ಅವನು ಬರುವಾಗಲೇ ನೋಡಿದ್ದ.

"ಕುದುರೆಗೆ ಹೊಟ್ಟೆವರೆಗೆ," ಎಂದ. "ಸವಾರ ಇಳಿದ್ರೆ ಎದೆವರೆಗೆ."

ಚಿತ್ರಗಾರ ನಿಂತೇ ಇದ್ದ. ಇನ್ನೊಂದು ಮಾತಿಗಾಗಿ, ಒಂದು ಬೈಗುಳಕ್ಕಾಗಿಯಾದರೂ ಕಾದ. ಮಗ ಜೀನನ್ನು ತಿರುವಿ ಹಾಕಿ ಮತ್ತೆ ನೀರು ಹೊಯ್ದುಕೊಂಡ. ಹುಟ್ಟಿದಾಗಿನಿಂದ ಅಪ್ಪನನ್ನು ನೀನು ಎಂದೇ ಕರೆದವನು, ಊರಿನವರ ಜೊತೆ ಮಾತಾಡುವ ದನಿಯಲ್ಲಿ ಹೇಳಿದ:

"ಬೇಗ ಹೋಗಿ. ನಿಮ್ಮ ಗೋಡೆ ಒಣಗುತ್ತೆ."

ಚಿತ್ರಗಾರ ಹೋದ.